ಬೇಟೆಗಾರನ ಬೇಸಾಯ: ಆಲ್ಡೋ ಲಿಯೋಪೋಲ್ಡ್

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾನೂನಿನಡಿ ಈಗ ಬೇಟೆಯೆಂದರೆ ಅಪರಾಧವೆಂದೇ ಎಣಿಕೆ. ಬಂದೂಕು ಹಿಡಿದ ಕೈಯೇ ಕಾಡುಹಕ್ಕಿಗಳನ್ನು ಉಳಿಸಲು ದುಡಿಯಿತೆಂದು ಹೇಳಹೊರಟರೆ ವಾಚಕಮಿತ್ರರು ಹುಬ್ಬೇರಿಸುವುದು ಸಹಜ. ಈ ವಿಚಿತ್ರವೇ ನನ್ನನ್ನು ಆಲ್ಡೋ ಲಿಯೋಪೋಲ್ಡನ ಜೀವನದ ಕಡೆಗೆ ಸೆಳೆಯಿತು.

ಆತನು ಹುಟ್ಟಿದುದು 1887ರ ಜನವರಿ 11ರಂದು, ಅಮೆರಿಕದ ಅಯೋವಾ ಪ್ರಾಂತದಲ್ಲಿ, ಮಿಸಿಸಿಪಿ ನದಿಯ ದಡದ ಬರ್ಲಿಂಗ್ಟನ್ ಊರಿನಲ್ಲಿ. ತಂದೆ ಮೇಜುಗಳನ್ನು ತಯಾರಿಸುವ ಕಾರ್ಖಾನೆಯ ಒಡೆಯ, ಒಳ್ಳೆಯ ಶಿಕಾರಿ. ಕಾನೂನು ಮಿತಿ ಹಾಕುವ ಮೊದಲೇ ತನ್ನ ಬೇಟೆಗೆ ತಾನೇ ಮಿತಿ ಹಾಕಿಕೊಂಡಿದ್ದ ಮನುಷ್ಯ. ಮಗನು ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅರಣ್ಯಶಾಸ್ತ್ರ ಕಲಿತು, 1909ರಲ್ಲಿ ಅರಣ್ಯ ಇಲಾಖೆಯನ್ನು ಸೇರಿ, ಅರಿಜೋನಾದ ಕಾಡುಗಳಿಗೆ ಹೋದನು. ತೋಳ ಕಡಿಮೆಯಾದರೆ ಜಿಂಕೆ ಹೆಚ್ಚುತ್ತದೆಂಬುದು ಆಗಿನ ಎಲ್ಲರ ನಂಬಿಕೆ. ಈತನೂ ತೋಳಗಳನ್ನು ಕೊಂದನು. ತೋಳವಿಲ್ಲದ ಬೆಟ್ಟವನ್ನು ಜಿಂಕೆಗಳೇ ಮೇದು ಬೋಳಾಗಿಸುವುದನ್ನು ಕಂಡ ಮೇಲೆ ಆತನ ಮನಸ್ಸು ತಿರುಗಿತು. ಅದಕ್ಕೆ ಹಲವು ವರ್ಷಗಳೇ ಹಿಡಿದುವು.

1924ರಲ್ಲಿ ಆತನು ವಿಸ್ಕಾನ್ಸಿನ್ ಪ್ರಾಂತದ ಮ್ಯಾಡಿಸನ್ ನಗರಕ್ಕೆ ಬಂದನು. 1928ರಲ್ಲಿ ಸರಕಾರಿ ಚಾಕರಿಯನ್ನು ಬಿಟ್ಟು ಪ್ರಾಂತದಿಂದ ಪ್ರಾಂತಕ್ಕೆ ಅಲೆದು ಬೇಟೆಪ್ರಾಣಿಗಳ ಸ್ಥಿತಿಗತಿಗಳ ಸಮೀಕ್ಷೆಗೆ ತೊಡಗಿದನು. ಇದಕ್ಕೆ ಹಣ ಕೊಟ್ಟವರು ಬಂದೂಕು ಮದ್ದುಗುಂಡುಗಳ ತಯಾರಕರು! ಬೇಟೆಯೇ ನಿಂತರೆ ತಮ್ಮ ವ್ಯಾಪಾರವೂ ನಿಲ್ಲುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈ ತಿರುಗಾಟದಲ್ಲಿ ಆತನಿಗೆ ಕಂಡ ತೊಡಕು ಹೀಗಿತ್ತು. ಇಂಗ್ಲೆಂಡಿನಲ್ಲಿ ಬೇಟೆಯ ಹಕ್ಕು ನೆಲದೊಡೆಯನದು; ಆತ ಅದನ್ನು ಗುತ್ತಿಗೆಗೆ ಕೊಟ್ಟು ಹಣ ಪಡೆಯುತ್ತಾನೆ. ಅಮೆರಿಕದಲ್ಲಾದರೋ ಹಕ್ಕಿ ಸಮಸ್ತ ಪ್ರಜೆಗಳ ಸೊತ್ತು, ಅದು ಕುಳಿತ ಪೊದೆ ಮಾತ್ರ ರೈತನದು. ಹಕ್ಕಿ ಕಾಳು ತಿನ್ನುವುದು ರೈತನ ಹೊಲದಲ್ಲಿ, ಅದನ್ನು ಹೊಡೆದೊಯ್ಯುವವನು ಪಟ್ಟಣಿಗ. ಹೀಗಿದ್ದ ಮೇಲೆ ರೈತ ಪೊದೆಯನ್ನು ಏಕೆ ಉಳಿಸಿಯಾನು? ಕಡಿದು ಉತ್ತುಬಿಡುತ್ತಾನೆ. ಅತ್ತ ಬೇಟೆಗಾರರು ಬೇಲಿ ಮುರಿಯುತ್ತಾರೆ, ರೈತ ಪ್ರವೇಶವಿಲ್ಲವೆಂಬ ಹಲಗೆ ತೂಗುಹಾಕುತ್ತಾನೆ, ಜಗಳ ಬೆಳೆಯುತ್ತದೆ. ಹಕ್ಕಿ ಇಬ್ಬರ ನಡುವೆಯೂ ಸಾಯುತ್ತದೆ.

1930ರಲ್ಲಿ ಆತನ ನೇತೃತ್ವದ ಸಮಿತಿಯೊಂದು, ಬೇಟೆಪ್ರಾಣಿಗಳನ್ನು ಸಾಕಿ ಸಲಹುವ ರೈತನಿಗೆ ಪ್ರತಿಫಲ ಸಿಗಬೇಕೆಂದು ಶಿಫಾರಸು ಮಾಡಿತು. ಬಡವನ ಬೇಟೆಯನ್ನು ಧನಿಕನಿಗೆ ಮಾರುವ ಹುನ್ನಾರವಿದೆಂದು ಅನುಮಾನಿಸಿದವರೂ ಇದ್ದರು. ಆ ಅನುಮಾನ ಪೊಳ್ಳೆಂದು ನಾನು ಹೇಳಲಾರೆ. ಹಣವೊಂದೇ ಅಳತೆಗೋಲಾದರೆ ಗುತ್ತಿಗೆಯ ನೆಲ ಶ್ರೀಮಂತರ ಪಾಲಾಗುವುದು ಖಂಡಿತ.

ಆದರೆ ಲಿಯೋಪೋಲ್ಡನು ಬರಿಯ ವರದಿ ಬರೆದು ಕುಳಿತವನಲ್ಲ. 1931ರಲ್ಲಿ, ಬೇಟೆಗೆ ನೆಲ ಹುಡುಕುತ್ತ ಮ್ಯಾಡಿಸನ್ನಿನ ಪಶ್ಚಿಮಕ್ಕಿರುವ ರೈಲೆ ಎಂಬ ಹಳ್ಳಿಗೆ ಹೋದಾಗ, ಅತಿಕ್ರಮಣಕಾರರ ಹಾವಳಿಯಿಂದ ಬೇಸತ್ತ ರೈತನೊಬ್ಬ ಸಿಕ್ಕಿದನು. ಇಬ್ಬರೂ ಕೂಡಿ ಒಂದು ಸಹಕಾರ ಕೂಟವನ್ನು ಕಟ್ಟಿದರು. ಬರಬರುತ್ತ ಅದರಲ್ಲಿ 11 ಬೇಸಾಯಗಾರ ಕುಟುಂಬಗಳೂ 5 ಮಂದಿ ಪಟ್ಟಣದವರೂ ಸೇರಿದರು. ನೆಲ ಸುಮಾರು 1,700 ಎಕರೆ. ಪಟ್ಟಣದವರದು ಹಣ, ರೈತರದು ನೆಲ ಮತ್ತು ದುಡಿಮೆ. ಹಿಮ ಬಿದ್ದ ಕಾಲದಲ್ಲಿ ಹಕ್ಕಿಗಳಿಗೆ ಕಾಳು ಚೆಲ್ಲುವುದು, ದನಕರು ನುಗ್ಗದಂತೆ ಪೊದೆಗಳಿಗೆ ಬೇಲಿ ಹಾಕುವುದು, ಗಿಡ ನೆಡುವುದು, ಫೆಸೆಂಟ್ ಕೋಳಿಗಳನ್ನು ಬೆಳೆಸಿ ಬಿಡುವುದು, ಇವೇ ಅವರ ಕೆಲಸ. ಬೇಟೆ ಇಬ್ಬರಿಗೂ ಸೇರಿದುದು. ಇಲ್ಲಿ ರೈತನು ಬಾಡಿಗೆ ಎಣಿಸಿಕೊಳ್ಳುವ ಒಡೆಯನಲ್ಲ, ಸಮಭಾಗಿ. ನನಗೆ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸಿದುದು ಇದೇ. ಆ ಕೂಟದ ಅನುಭವವನ್ನು ಲಿಯೋಪೋಲ್ಡನು 1940ರಲ್ಲಿ ವಿದ್ವತ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು.

1933ರಲ್ಲಿ ಆತನ ‘ಗೇಮ್ ಮ್ಯಾನೇಜ್‌ಮೆಂಟ್’ ಗ್ರಂಥ ಹೊರಬಂದಿತು. ಬೇಟೆಪ್ರಾಣಿಯೂ ಒಂದು ಬೆಳೆ, ಅದಕ್ಕೂ ನೆಲ, ನೀರು, ಮರೆ ಬೇಕು ಎಂಬುದು ಅದರ ತಿರುಳು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವು ಈ ವಿಷಯಕ್ಕೆ ದೇಶದಲ್ಲೇ ಮೊದಲ ಪ್ರಾಧ್ಯಾಪಕ ಪೀಠವನ್ನು ಆತನಿಗೆ ಕೊಟ್ಟಿತು. ಆ ಪೀಠವಿದ್ದುದು ಪ್ರಾಣಿಶಾಸ್ತ್ರದಲ್ಲಲ್ಲ, ಕೃಷಿ ಅರ್ಥಶಾಸ್ತ್ರದ ವಿಭಾಗದಲ್ಲಿ! ನಮ್ಮ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

1935ರಲ್ಲಿ ವಿಸ್ಕಾನ್ಸಿನ್ ನದಿಯ ಬಳಿ, ಸಾರವೆಲ್ಲ ಹೋದ ಮರಳು ಹೊಲವೊಂದನ್ನು ಕೊಂಡನು. ಅಲ್ಲಿ ಉಳಿದಿದ್ದುದು ಒಂದು ಕೋಳಿಗೂಡು ಮಾತ್ರ. ಹೆಂಡತಿ ಎಸ್ಟೆಲ್ಲಾ ಮತ್ತು ಐವರು ಮಕ್ಕಳೊಡನೆ ಅದರ ಗೊಬ್ಬರ ತೆಗೆದು ಬಿಡಾರ ಮಾಡಿಕೊಂಡು, ವರ್ಷವರ್ಷವೂ ಸಾವಿರಾರು ಪೈನ್ ಸಸಿಗಳನ್ನು ನೆಟ್ಟನು. ಮೊದಮೊದಲು ಬರಗಾಲಕ್ಕೆ ಸಿಕ್ಕಿ ಬಹುಪಾಲು ಒಣಗಿದುವು, ಮತ್ತೆ ನೆಟ್ಟನು.

1948ರ ಏಪ್ರಿಲ್ 21ರಂದು ನೆರೆಯವನ ಹೊಲದಲ್ಲಿ ಹುಲ್ಲಿಗೆ ಬೆಂಕಿ ಬಿದ್ದಿತು. ಆರಿಸಲು ಓಡಿದ ಲಿಯೋಪೋಲ್ಡನು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡನು. ಆಗ ಆತನಿಗೆ 61 ವರ್ಷ. ಆ ಮರಳು ಹೊಲವನ್ನು ಕುರಿತ ಪುಸ್ತಕವನ್ನು ಪ್ರಕಾಶಕರು ಒಪ್ಪಿಕೊಂಡು ಆಗ ಒಂದು ವಾರವಾಗಿತ್ತು. ಮಗ ಲೂನಾ ಅದನ್ನು ಸಿದ್ಧಪಡಿಸಿ 1949ರಲ್ಲಿ ಹೊರತಂದನು.