ಮಕ್ಕಳಿಗಿಂತ ಮೊದಲು ಮೇಷ್ಟ್ರಿಗೆ ಪಾಠ: ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆ ಕಟ್ಟಿದ ಕಥೆ

ಚಿಕ್ಕಮಗಳೂರು: ಶಾಲೆ ಸುಧಾರಿಸಬೇಕು ಅಂದ್ರೆ ನಮ್ಮಲ್ಲಿ ಮೊದಲು ಮಾತು ಬರೋದು ಕಟ್ಟಡದ ಬಗ್ಗೆ. ಹೆಂಚು ಬದಲಾಯಿಸಬೇಕು, ಕಾಂಪೌಂಡ್ ಆಗಬೇಕು, ಶೌಚಾಲಯ ಬೇಕು. ಇವೆಲ್ಲ ಬೇಕು ನಿಜ. ಆದರೆ ಸುಮಾರು 160 ವರ್ಷದ ಹಿಂದೆ ಧಾರವಾಡದಲ್ಲಿ ಒಬ್ಬರು ಬೇರೆ ಕಡೆಯಿಂದ ಕೆಲಸ ಶುರು ಮಾಡಿದರು. ಅವರು ಮೊದಲು ಹಿಡಿದದ್ದು ಮೇಷ್ಟ್ರುಗಳನ್ನು. ಅವರೇ ಡೆಪ್ಯುಟಿ ಚನ್ನಬಸಪ್ಪ.

ಕನ್ನಡದ ಊರಲ್ಲಿ ಮರಾಠಿ ಶಾಲೆ

ಆಗ ಕರ್ನಾಟಕ ಅನ್ನೋ ರಾಜ್ಯ ಇರಲಿಲ್ಲ. ನಮ್ಮ ಚಿಕ್ಕಮಗಳೂರು, ಮೂಡಿಗೆರೆ ಕಡೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ ಬ್ರಿಟಿಷರ ಬಾಂಬೆ ಪ್ರಾಂತ್ಯದಲ್ಲಿದ್ದವು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದರೂ ಕಚೇರಿಯಲ್ಲಿ ಮರಾಠಿಯ ಜೋರು ಕಡಿಮೆ ಆಗಲಿಲ್ಲ. ಸರ್ಕಾರಿ ಶಾಲೆಗಳಲ್ಲೂ ಮರಾಠಿಯೇ ನಡೀತಿತ್ತು. ಮನೇಲಿ ಕನ್ನಡ ಆಡೋ ಮಗು ಶಾಲೆಗೆ ಹೋಗಿ ಗೊತ್ತಿಲ್ಲದ ಭಾಷೆಯಲ್ಲಿ ಅಕ್ಷರ ಕಲೀಬೇಕಿತ್ತು. 1830ರ ದಶಕದಲ್ಲಿ ವಾಲ್ಟರ್ ಎಲಿಯಟ್ ಎಂಬ ಇಂಗ್ಲಿಷ್ ಅಧಿಕಾರಿ ಧಾರವಾಡದಲ್ಲಿ ಒಂದು ಕನ್ನಡ ಶಾಲೆ ತೆರೆದಿದ್ದರು. ಆದರೆ ಇಡೀ ಸೀಮೆಗೆ ಒಂದೆರಡು ಶಾಲೆ ಯಾವ ಮೂಲೆಗೆ ಸಾಲುತ್ತೆ?

ಚನ್ನಬಸಪ್ಪ ಹುಟ್ಟಿದ್ದು ಇಂಥಾ ಕಾಲದಲ್ಲಿ, ಅದೇ 1830ರ ದಶಕದಲ್ಲಿ. ಹೆಚ್ಚಿನ ಓದಿಗೆ ಪುಣೆಗೆ ಹೋಗಿ ಬಂದರು. ಇಂಗ್ಲಿಷ್, ಮರಾಠಿ ಎರಡೂ ಬರ್ತಿದ್ದವು. ಅವರು ಆರಿಸಿಕೊಂಡದ್ದು ಮಾತ್ರ ಶಿಕ್ಷಣ ಇಲಾಖೆಯನ್ನು, ಅದರಲ್ಲೂ ಕನ್ನಡ ಶಾಲೆಗಳ ಕೆಲಸವನ್ನು.

ಹೆಡ್‌ಮಾಸ್ಟರ್ ಮಾಡಿದ್ದೇನು?

ಧಾರವಾಡದ ನಾರ್ಮಲ್ ಸ್ಕೂಲಿಗೆ ಚನ್ನಬಸಪ್ಪ ಮುಖ್ಯಸ್ಥರಾದರು. ನಾರ್ಮಲ್ ಸ್ಕೂಲ್ ಅಂದ್ರೆ ಮೇಷ್ಟ್ರುಗಳನ್ನು ತಯಾರು ಮಾಡೋ ಶಾಲೆ, ಈಗಿನ ಟೀಚರ್ ಟ್ರೈನಿಂಗ್ ಇದ್ದ ಹಾಗೆ. ಮುಂದೆ ಡೆಪ್ಯುಟಿ ಎಜುಕೇಷನಲ್ ಇನ್ಸ್‌ಪೆಕ್ಟರ್ ಕೂಡ ಆದರು. ಆ ಹುದ್ದೆಯೇ ಹೆಸರಿನ ಜೊತೆ ಅಂಟಿಕೊಂಡಿತು.

ಆಗಿನ ತೊಂದರೆ ಸುಲಭದ್ದಲ್ಲ. ಮರಾಠಿ ಶಾಲೆಯನ್ನು ಕನ್ನಡ ಶಾಲೆ ಮಾಡಿ ಅಂತ ಕಾಗದದಲ್ಲಿ ಹುಕುಂ ಬರೆದುಬಿಡಬಹುದು. ಆದರೆ ಮಾರನೇ ದಿನ ತರಗತಿಗೆ ಹೋಗಿ ಕನ್ನಡದಲ್ಲಿ ಲೆಕ್ಕ, ಭೂಗೋಳ ಹೇಳಿಕೊಡೋರು ಯಾರು? ಓದಿಸೋಕೆ ಪುಸ್ತಕ ಎಲ್ಲಿ? ಮೇಷ್ಟ್ರೂ ಇಲ್ಲ, ಪುಸ್ತಕವೂ ಇಲ್ಲ ಅಂದ್ರೆ ಆ ಹುಕುಂ ಗೋಡೆ ಮೇಲೆ ಅಂಟಿಸೋಕಷ್ಟೇ ಸರಿ.

ಅದಕ್ಕೇ ತರಬೇತಿ ಶಾಲೆಯೇ ಅವರ ಕೆಲಸದ ನಡುಗಂಬ ಆಯ್ತು. ಅಲ್ಲಿ ಕಲಿತು ಹೊರಬಿದ್ದ ಒಬ್ಬ ಮೇಷ್ಟ್ರು ಒಂದು ಊರಿಗೆ ಹೋದರೆ ಆ ಊರಿಗೇ ಕನ್ನಡ ಓದು ಹೋದ ಹಾಗೆ. ಇಲಾಖೆಯಲ್ಲಿ ಮೇಲಿದ್ದ ರಸೆಲ್ ಎಂಬ ಇಂಗ್ಲಿಷ್ ಅಧಿಕಾರಿಯ ಬೆಂಬಲವೂ ಇತ್ತು. ಹಂತ ಹಂತವಾಗಿ ಕನ್ನಡ ಶಾಲೆಗಳು ಎದ್ದು ನಿಂತವು.

ಮೇಷ್ಟ್ರುಗಳಿಗಂತಲೇ ಪತ್ರಿಕೆ

ಒಂದು ಸಲ ತರಬೇತಿ ಮುಗಿಸಿ ಹಳ್ಳಿಗೆ ಹೋದ ಮೇಷ್ಟ್ರು ಅಲ್ಲಿ ಒಂಟಿ. ಹೊಸದು ಕಲಿಯೋಕೆ, ಕೇಳೋಕೆ ಜೊತೆಗೆ ಯಾರೂ ಇರಲ್ಲ. ಅವರಿಗಂತಲೇ 1865ರಲ್ಲಿ ‘ಮಠಪತ್ರಿಕೆ’ ಶುರುವಾಯಿತು. ಆಗ ಊರ ಶಾಲೆಯನ್ನೇ ಮಠ ಅಂತಿದ್ದರು, ಅದಕ್ಕೇ ಆ ಹೆಸರು. ಚನ್ನಬಸಪ್ಪ, ವೆಂಕಟ ರಂಗೋ ಕಟ್ಟಿ ಅವರ ಬಳಗವೇ ಇದರ ಬೆನ್ನಿಗಿತ್ತು. ಆ ಪತ್ರಿಕೆ ಹೆಸರು ಬದಲಿಸಿಕೊಂಡು ಬಂದು ಈಗಲೂ ‘ಜೀವನ ಶಿಕ್ಷಣ’ವಾಗಿ ಧಾರವಾಡದ ಡಯಟ್‌ನಿಂದ ಹೊರಬರುತ್ತಿದೆ.

ಚನ್ನಬಸಪ್ಪ ಬೇರೆಯವರಿಗೆ ಬರೀರಿ ಅಂತ ಹೇಳಿ ಸುಮ್ಮನೆ ಕೂರಲಿಲ್ಲ. ಷೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಅಂತ ತಾವೇ ಕನ್ನಡಕ್ಕೆ ತಂದರು. ಅದೇ ಕಾಲದಲ್ಲಿ ಗಂಗಾಧರ ಮಡಿವಾಳೇಶ್ವರ ತುರಮರಿ ಬಾಣನ ಕಾದಂಬರಿಯನ್ನು, ಶೇಷಗಿರಿರಾವ್ ಚುರಮುರಿ ಶಾಕುಂತಲ ನಾಟಕವನ್ನು ಕನ್ನಡಕ್ಕಿಳಿಸಿದರು. ಪಾಠ ಹೇಳೋರೇ ಪುಸ್ತಕ ಬರೆಯೋರೂ ಆದರು.

ಅವರು ಹೋದ ಮೇಲೆ

1881ರಲ್ಲಿ ಚನ್ನಬಸಪ್ಪ ತೀರಿಕೊಂಡರು. ಐವತ್ತು ವರ್ಷವೂ ತುಂಬಿರಲಿಲ್ಲ. ಆದರೆ ಕೆಲಸ ಅವರ ಜೊತೆ ಹೋಗಲಿಲ್ಲ, ಯಾಕಂದ್ರೆ ಅದು ಒಬ್ಬರ ತಲೆ ಮೇಲೆ ನಿಂತಿರಲಿಲ್ಲ; ಊರೂರಿನ ಮೇಷ್ಟ್ರುಗಳ ಕೈಯಲ್ಲಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1956ರಲ್ಲಿ ಧಾರವಾಡವೂ ಚಿಕ್ಕಮಗಳೂರೂ ಒಂದೇ ರಾಜ್ಯಕ್ಕೆ ಬಂದವು. ಆ ಒಗ್ಗಟ್ಟಿಗೆ ಕನ್ನಡ ಓದಿದ ಜನ ಬೇಕಿತ್ತು. ಅವರನ್ನು ತಯಾರು ಮಾಡಿದ್ದು ಈ ಶಾಲೆಗಳೇ.

ಕಳಸ, ಮೂಡಿಗೆರೆ ಕಡೆಯ ಗುಡ್ಡದ ಮೇಲಿನ ಸಣ್ಣ ಶಾಲೆಯಲ್ಲಿ ಒಬ್ಬರೋ ಇಬ್ಬರೋ ಟೀಚರ್ ಎಲ್ಲ ತರಗತಿಯನ್ನೂ ನೋಡಿಕೊಳ್ಳಬೇಕಾದಾಗ ಚನ್ನಬಸಪ್ಪನವರ ಲೆಕ್ಕ ಇನ್ನೂ ಹಳೇದಾಗಿಲ್ಲ ಅನ್ಸುತ್ತೆ. ಮಳೆಗಾಲದಲ್ಲಿ ಅಂಥಾ ಶಾಲೆಯ ಟೀಚರ್ ಅರ್ಧ ದಿನ ಬಸ್ಸಿಗೆ ಕಾದು ತರಬೇತಿಗೆ ಬಂದರೆ, ಅಲ್ಲಿ ಸಹಿ ಹಾಕಿಸಿ ಟೀ ಕೊಟ್ಟು ಕಳಿಸಿದರೆ ಸಾಲದು. ನಾಳೆ ತರಗತಿಯಲ್ಲಿ ಉಪಯೋಗಕ್ಕೆ ಬರೋ ಒಂದು ಪಾಠವಾದರೂ ಅವರ ಕೈಗೆ ಸಿಗಬೇಕು. ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡ್, ಶೌಚಾಲಯದ ಜೊತೆಗೆ ಪೋಷಕರು ಹೆಡ್‌ಮಾಸ್ಟರನ್ನು ಇದನ್ನೂ ಕೇಳಬಹುದು: ನಮ್ಮ ಟೀಚರ್ ಈ ವರ್ಷ ಹೊಸದಾಗಿ ಏನು ಕಲಿತರು, ಅದಕ್ಕೆ ನೀವೇನು ಅನುಕೂಲ ಮಾಡಿಕೊಟ್ಟಿರಿ?