ಸ್ವಾಮಿ ರಾಮಾನಂದತೀರ್ಥರು

ನಾಶಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಇಂದು ಪ್ರಯಾಣ ಮಾಡುವವರಿಗೆ ನಡುವೆ ಯಾವ ಗಡಿಯೂ ಕಾಣದು. 1937ರಲ್ಲಿ ಹಾಗಿರಲಿಲ್ಲ. ಆಗ ನಾಶಿಕದ ಮತದಾರರು ಮುಂಬಯಿ ಪ್ರಾಂತದ ಶಾಸನಸಭೆಗೆ ಪ್ರತಿನಿಧಿಗಳನ್ನು ಆರಿಸಿದರು. ಔರಂಗಾಬಾದೆಂದು ಕರೆಯಲ್ಪಡುತ್ತಿದ್ದ ಈ ಇನ್ನೊಂದು ನಗರದಲ್ಲಾದರೋ, ನಿಜಾಮರ ಆಳಿಕೆಯಲ್ಲಿ, ಬಹಿರಂಗ ಸಭೆ ಕೂಡಿಸಲು ಸಹ ಸರಕಾರದ ಅಪ್ಪಣೆ ಬೇಕಾಗಿದ್ದಿತು. ಈ ಭೇದವನ್ನು ಅಳಿಸಲು ಬಾಳನ್ನೇ ಮುಡಿಪಿಟ್ಟ ಮಹನೀಯರು ನಮ್ಮ ವಿಜಾಪುರ ಸೀಮೆಯ ಸಿಂದಗಿಯಲ್ಲಿ ಹುಟ್ಟಿದವರೆಂಬುದನ್ನು ವಿದ್ಯಾರ್ಥಿಗಳು ಅರಿತಿರಬೇಕು.

1903ರಲ್ಲಿ ಜನಿಸಿದ ವೆಂಕಟೇಶ ಖೇಡಗಿಕರರು ನಮ್ಮಂತೆಯೇ ಶಿಕ್ಷಕರಾಗಿದ್ದರು. ಹಿಪ್ಪರಗಾ, ಅಂಬಾಜೋಗಾಯಿಗಳಲ್ಲಿ ಕಲಿಸಿದರು. ಸಂನ್ಯಾಸ ಸ್ವೀಕರಿಸಿ ರಾಮಾನಂದತೀರ್ಥರಾದರು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮೊದಲೇ ನಿಷೇಧಕ್ಕೊಳಗಾಯಿತು. ಸ್ವಾಮಿಗಳು ಸತ್ಯಾಗ್ರಹ ಮಾಡಿ ಸೆರೆಮನೆ ಸೇರಿದರು. ಆದರೆ ಹೋರಾಟಕ್ಕೆ ಮತೀಯ ಬಣ್ಣ ಬರಬಾರದೆಂದು, ಗಾಂಧೀಜಿಯವರ ಸಲಹೆಯಂತೆ, ಕಾಂಗ್ರೆಸ್ಸು ಅದೇ ಡಿಸೆಂಬರದಲ್ಲಿ ಸತ್ಯಾಗ್ರಹವನ್ನು ನಿಲ್ಲಿಸಿತು. ಜನರ ಆವೇಶವು ಏರುತ್ತಿರುವಾಗ ಹಿಂದೆ ಸರಿಯುವುದು ಸುಲಭವಲ್ಲ.

ಎದುರು ಪಕ್ಷದಲ್ಲಿ ಕಾಸಿಂ ರಜ್ವಿಯಿದ್ದನು. ಒಂದು ಮತದವರ ಭಯವನ್ನೇ ಬಂಡವಾಳ ಮಾಡಿಕೊಂಡು, ತಾನೇ ಅವರ ರಕ್ಷಕನೆಂದು ಸಾರಿ, ರಜಾಕಾರರ ಪಡೆಯನ್ನು ಬೆಳೆಸಿದನು. ರಜಾಕಾರರನ್ನು ಖಂಡಿಸಿ ಬರೆಯುತ್ತಿದ್ದ ಇಮ್ರೋಜ್ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು 1948ರ ಆಗಸ್ಟಿನಲ್ಲಿ ಕೊಲೆಯಾದರು. ಅವರೂ ಮುಸಲ್ಮಾನರೇ. ರಕ್ಷಕನೆಂಬುವವನು ಮೊದಲು ತನ್ನವರ ಬಾಯಿಯನ್ನೇ ಕಟ್ಟುತ್ತಾನೆ. ಜರ್ಮನಿಯಲ್ಲಿಯೂ ಜಯಘೋಷಗಳ ನಡುವೆ ಅಧಿಕಾರಕ್ಕೆ ಬಂದ ಹಿಟ್ಲರನು 1933ರ ಮಾರ್ಚಿಯಲ್ಲಿ ಸಂಸತ್ತಿನ ಕೈಯಿಂದಲೇ ಅದರ ಅಧಿಕಾರವನ್ನು ಬರೆಯಿಸಿಕೊಂಡನು.

ಮತ್ತೆ ಬಂಧಿತರಾದ ಸ್ವಾಮಿಗಳು, 1948ರ ಸೆಪ್ಟೆಂಬರ 17ರಂದು ನಿಜಾಮರು ಶರಣಾದ ಮೇಲೆಯೇ ಹೊರಬಂದರು. ಗೆದ್ದ ನಾಯಕರಾದರೂ ಅವರು ಮಂತ್ರಿಪದವಿಯನ್ನು ಹಿಡಿಯಲಿಲ್ಲ. ಎಲ್ಲರಂತೆ ಮತ ಬೇಡಿ, 1952ರಲ್ಲಿ ಗುಲ್ಬರ್ಗದಿಂದ, 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಹೋದರು. ತಮಗೆ ಹೆಸರು ತಂದ ಹೈದರಾಬಾದ ರಾಜ್ಯವನ್ನು ಭಾಷಾನುಸಾರ ವಿಂಗಡಿಸಬೇಕೆಂದು ತಾವೇ ವಾದಿಸಿದರು; 1956ರಲ್ಲಿ ಹಾಗೆಯೇ ಆಯಿತು. 1972ರ ಜನವರಿ 22ರಂದು ದಿವಂಗತರಾದರು. ನಾಂದೇಡದ ವಿಶ್ವವಿದ್ಯಾಲಯವು ಇಂದು ಅವರ ಹೆಸರನ್ನು ಹೊತ್ತಿದೆ.

ಹೊಟ್ಟೆಪಾಡಿಗಾಗಿ ಈ ನಾಡಿಗೆ ಬಂದ ನಾವೂ ಇಲ್ಲಿಯೇ ಮತ ಕೊಡುತ್ತೇವೆ. ಸಿಂದಗಿಯಲ್ಲಿ ಹುಟ್ಟಿದವರನ್ನು ಇಲ್ಲಿಯ ಜನ ತಮ್ಮವರೆಂದು ಆರಿಸಿದ್ದರೆಂಬುದು ನಮಗೆ ಧೈರ್ಯವನ್ನು ಕೊಡುತ್ತದೆ. ಮಕ್ಕಳೇ, ನಾಳೆ ನೀವು ಮತದಾರರಾಗುವಿರಿ. ನಾಯಕನ ಮಾತಿಗೆ ಎಷ್ಟು ಜನ ಚಪ್ಪಾಳೆ ತಟ್ಟಿದರೆಂದು ಎಣಿಸಬೇಡಿರಿ. ಅವನಿಗೆದುರಾಡಿದವನು ನಿರ್ಭಯವಾಗಿ ಮನೆ ಸೇರಿದನೇ ಎಂಬುದನ್ನು ನೋಡಿರಿ.