ಜಾನ್ ವಿನ್‌ಥ್ರಾಪ್

ಜಾನ್ ವಿನ್‌ಥ್ರಾಪ್ (1588–1649) ಇಂಗ್ಲೆಂಡಿನ ಪ್ಯೂರಿಟನ್ ವಕೀಲರು ಹಾಗೂ ಉತ್ತರ ಅಮೆರಿಕದ ಮ್ಯಾಸಚೂಸೆಟ್ಸ್ ಬೇ ವಸಾಹತಿನ ಸ್ಥಾಪಕರಲ್ಲಿ ಪ್ರಮುಖರು. ವಸಾಹತಿನ ಏಳುಬೀಳುಗಳೆಲ್ಲವೂ ದೇವರ ಮಹಿಮೆಯನ್ನು ಸಾರುವ ಸಂಕೇತಗಳೆಂಬುದು ಅವರ ನಂಬಿಕೆಯಾಗಿತ್ತು. ಅಧಿಕಾರದ ಗೌರವವನ್ನು ಆ ನಂಬಿಕೆಯೊಂದಿಗೆ ಹೊಂದಿಸುವ ಪ್ರಯತ್ನವು ಅವರ ಸಾರ್ವಜನಿಕ ಜೀವನದುದ್ದಕ್ಕೂ ಕಂಡುಬರುತ್ತದೆ.

ಆರಂಭಿಕ ಜೀವನ

ಸಫೋಕ್ ಪ್ರಾಂತ್ಯದ ಭೂಮಾಲೀಕ ಕುಟುಂಬದಲ್ಲಿ ಜನಿಸಿದ ವಿನ್‌ಥ್ರಾಪ್ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಕೆಲಕಾಲ ವ್ಯಾಸಂಗ ಮಾಡಿ, ಮುಂದೆ ಲಂಡನ್ನಿನಲ್ಲಿ ವಕೀಲಿ ವೃತ್ತಿ ನಡೆಸಿದರು. ಒಂದನೆಯ ಚಾರ್ಲ್ಸ್‌ನ ಆಳ್ವಿಕೆಯಲ್ಲಿ ಪ್ಯೂರಿಟನ್ನರ ಮೇಲಿನ ಒತ್ತಡ ಹೆಚ್ಚಿದಾಗ ವಲಸೆ ಹೋಗಲು ನಿರ್ಧರಿಸಿದರು. 1629ರಲ್ಲಿ ಅವರನ್ನು ಗವರ್ನರ್ ಆಗಿ ಆಯ್ಕೆ ಮಾಡಲಾಯಿತು.

ವಲಸೆ ಮತ್ತು ಉಪದೇಶ

1630ರಲ್ಲಿ ಸುಮಾರು 700 ಜನರನ್ನು ಹೊತ್ತ 11 ಹಡಗುಗಳ ತಂಡ ಪ್ರಯಾಣ ಬೆಳೆಸಿತು. ಈ ಸಂದರ್ಭದಲ್ಲಿ ರಚಿತವಾದ 'ಎ ಮಾಡೆಲ್ ಆಫ್ ಕ್ರಿಶ್ಚಿಯನ್ ಚಾರಿಟಿ' ಎಂಬ ಉಪದೇಶದಲ್ಲಿ ಅವರು ವಸಾಹತನ್ನು ಬೆಟ್ಟದ ಮೇಲಿನ ಪಟ್ಟಣಕ್ಕೆ ಹೋಲಿಸಿದರು. ಇಂದು ಇದನ್ನು ಹೆಮ್ಮೆಯ ನುಡಿಯಾಗಿ ಬಳಸುವುದುಂಟು. ಮೂಲದಲ್ಲಿ ಅದೊಂದು ಎಚ್ಚರಿಕೆ. ದೇವರೊಂದಿಗಿನ ಒಡಂಬಡಿಕೆಯನ್ನು ಮುರಿದರೆ ಲೋಕದೆದುರು ಅವಮಾನ ತಪ್ಪದೆಂಬುದು ಅದರ ತಾತ್ಪರ್ಯ. ಈ ಕೃತಿ ಮುದ್ರಣಗೊಂಡದ್ದು 1838ರಲ್ಲಿ.

ಅಮೆರಿಕ ತಲುಪಿದ ಕೆಲವೇ ದಿನಗಳಲ್ಲಿ ಮಗ ಹೆನ್ರಿ ನೀರಿನಲ್ಲಿ ಮುಳುಗಿ ಮೃತಪಟ್ಟನು. ದಿನಚರಿಯಲ್ಲಿ ವಿನ್‌ಥ್ರಾಪ್ ಅದನ್ನು ಒಂದೇ ಸಾಲಿನಲ್ಲಿ ದಾಖಲಿಸಿದ್ದಾರೆ. ಆ ವರ್ಷಾಂತ್ಯದೊಳಗೆ ಸುಮಾರು 200 ವಲಸಿಗರು ಅಸುನೀಗಿದರು.

ಆನ್ ಹಚಿನ್ಸನ್ ವಿವಾದ

ಬಹುತೇಕ ಪಾದ್ರಿಗಳು ದೈವಕೃಪೆಯ ಬದಲು ಮಾನವನ ಸತ್ಕಾರ್ಯಗಳಿಂದಲೇ ಮುಕ್ತಿಯೆಂದು ಬೋಧಿಸುತ್ತಿದ್ದಾರೆಂದು ಬಾಸ್ಟನ್ನಿನ ಆನ್ ಹಚಿನ್ಸನ್ ಆಕ್ಷೇಪಿಸಿದರು. ಮೂರು ವರ್ಷ ಅಧಿಕಾರದಿಂದ ಹೊರಗಿದ್ದ ವಿನ್‌ಥ್ರಾಪ್ 1637ರಲ್ಲಿ ಮತ್ತೆ ಗವರ್ನರ್ ಆದಾಗ, ಬಾಸ್ಟನ್ನಿನ ಈಟಿಧಾರಿಗಳು ರಾಜಮರ್ಯಾದೆಯಂತೆ ಅವರ ಮುಂದೆ ನಡೆಯಲು ನಿರಾಕರಿಸಿದರು; ಅವರು ತಮ್ಮ ಸೇವಕರಿಂದಲೇ ಈಟಿಗಳನ್ನು ಹೊರಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಅವರ ಅಧ್ಯಕ್ಷತೆಯ ನ್ಯಾಯಸಭೆ ಹಚಿನ್ಸನ್‌ಗೆ ಗಡೀಪಾರು ವಿಧಿಸಿತು. ಮುಂದೆ ಆಕೆಗೆ ಆದ ವಿಕಾರ ಪ್ರಸವವನ್ನು ವಿನ್‌ಥ್ರಾಪ್ ದೈವಶಿಕ್ಷೆಯೆಂದು ಬರೆದರು. ಸ್ವಂತ ದುಃಖವನ್ನು ಮೌನವಾಗಿ ಸಹಿಸಿದವರು ಎದುರಾಳಿಯ ದುಃಖದಲ್ಲಿ ದೇವರ ತೀರ್ಪನ್ನು ಕಂಡದ್ದು ಮುಂದಿನ ಪೀಳಿಗೆಗಳ ಟೀಕೆಗೆ ಗುರಿಯಾಯಿತು.

ಕೊನೆಯ ವರ್ಷಗಳು

1645ರಲ್ಲಿ ಅಧಿಕಾರ ದುರುಪಯೋಗದ ಆರೋಪ ಬಂದಾಗ ವಿನ್‌ಥ್ರಾಪ್ ನ್ಯಾಯಪೀಠದಿಂದ ಇಳಿದು, ಟೋಪಿ ತೆಗೆದು ಆರೋಪಿಯ ಸ್ಥಾನದಲ್ಲಿ ಕುಳಿತರು. ಆರೋಪಮುಕ್ತರಾದ ಬಳಿಕ, ಮನಬಂದಂತೆ ನಡೆಯುವ ಸ್ವಾತಂತ್ರ್ಯಕ್ಕೂ ದೈವನಿಯಮಕ್ಕೆ ಒಳಪಟ್ಟ ಸ್ವಾತಂತ್ರ್ಯಕ್ಕೂ ಇರುವ ಭೇದವನ್ನು ವಿವರಿಸಿ ಭಾಷಣ ಮಾಡಿದರು. 1649ರಲ್ಲಿ ಬಾಸ್ಟನ್ನಿನಲ್ಲಿ, ಗವರ್ನರ್ ಹುದ್ದೆಯಲ್ಲಿದ್ದಾಗಲೇ ನಿಧನರಾದರು. ಅವರ ದಿನಚರಿಯು ನ್ಯೂ ಇಂಗ್ಲೆಂಡಿನ ಆರಂಭಿಕ ಇತಿಹಾಸಕ್ಕೆ ಪ್ರಮುಖ ಆಕರವಾಗಿದೆ.